ಅತ್ತಿ ಎಲೆಯ ಗುಳ್ಳೆ, ಅತ್ತೆಯ ಅಕ್ಷತೆ

ನಾನು ಟೀಚರಾಗಿ ಮೊದಲು ಸೇರಿದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ದಾಟಿತ್ತು. ನಮ್ಮ ಹೈಸ್ಕೂಲಿಗೆ ಮೂರನೆಯ ಕೋಣೆ ಮಾತ್ರ ಇನ್ನೂ ಬಂದಿರಲಿಲ್ಲ. ಇದ್ದ ಎರಡು ಕೋಣೆಗಳಲ್ಲಿ ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳು ಕೂರುತ್ತಿದ್ದವು. ಎಂಟನೆಯ ತರಗತಿಗೆ ಅಂಗಳದ ಅತ್ತಿ ಮರವೇ ಗತಿ. ಯಾರಿಗೂ ಬೇಡವಾದ ತರಗತಿ ಹೊಸಬರ ಪಾಲಿಗೆ ಬರುವುದು ರೂಢಿ. ಹಾಗಾಗಿ ಮರ ನನ್ನ ಪಾಲಿಗೆ ಬಂತು.

ನನಗೇನೂ ಬೇಸರವಿರಲಿಲ್ಲ. ಒಳ್ಳೆಯ ನೆರಳು, ಒಳ್ಳೆಯ ಗಾಳಿ. ಹಣ್ಣಿನ ಕಾಲದಲ್ಲಿ ಮಾತ್ರ ಪಾಠದ ನಡುವೆ ಯಾರದಾದರೂ ತಲೆಯ ಮೇಲೆ ಹಣ್ಣು ಬಿದ್ದು, ಇಡೀ ತರಗತಿ ಐದು ನಿಮಿಷ ನಗುತ್ತಿತ್ತು. ಒಮ್ಮೆ ಇನ್‌ಸ್ಪೆಕ್ಟರ ತಲೆಯ ಮೇಲೇ ಬಿತ್ತು. ಆಗ ಮಾತ್ರ ಯಾರೂ ನಗಲಿಲ್ಲ, ನಾನೊಬ್ಬಳನ್ನು ಬಿಟ್ಟು.

ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ ಹಾಜರಿ ಪುಸ್ತಕ ಹಿಡಿದು ಮರದ ಹತ್ತಿರ ಹೋದರೆ ಮಕ್ಕಳು ಒಬ್ಬರೂ ಇಲ್ಲ. ಬುಡದಲ್ಲಿ ಮುತ್ತುಗದ ಎಲೆಯ ಮೇಲೆ ಮೊಸರನ್ನ. ಪಕ್ಕದಲ್ಲಿ ಬೇವಿನ ಸೊಪ್ಪು. ಕಾಂಡಕ್ಕೆ ಅರಿಶಿನ ಬಳಿದಿದೆ. ಸ್ವಲ್ಪ ದೂರದಲ್ಲಿ ಕುರಿಯಜ್ಜಿ ಕೋಲೂರಿಕೊಂಡು ನಿಂತಿದ್ದಾಳೆ. ಕುರಿ ಸಾಕುವ ಮನೆತನದ ಮುದುಕಿ ಆಕೆ. ಊರಿಗೆಲ್ಲ ಹಿರಿಯಳು, ಯಾರ ಮನೆಯ ವಿಷಯಕ್ಕಾದರೂ ಆಕೆಯದೇ ಕೊನೆಯ ಮಾತು.

"ಮಕ್ಕಳೆಲ್ಲ ಎಲ್ಲಜ್ಜಿ?" ಎಂದೆ.

"ಬರಲ್ಲ ಕಣವ್ವ. ಮರಕ್ಕೆ ಅಮ್ಮ ಬಂದೈತೆ."

ಅಮ್ಮ ಅಂದರೆ ಸಿಡುಬು. ಅದು ಇನ್ನೂ ಪೂರ್ತಿ ತೊಲಗಿರದ ಕಾಲ. ಮುಖದ ಮೇಲೆ ಅದರ ಕಲೆ ಉಳಿದವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇದ್ದರು. ಆದ್ದರಿಂದ ನಗುವ ಹಾಗಿರಲಿಲ್ಲ. ತಲೆಯೆತ್ತಿ ನೋಡಿದೆ. ಆರು ತಿಂಗಳು ಅದೇ ಮರದ ಕೆಳಗೆ ಪಾಠ ಮಾಡಿದ್ದ ನಾನು ಎಲೆಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದೊಂದು ಎಲೆಯ ಮೇಲೂ ಹತ್ತು ಹನ್ನೆರಡು ಗುಳ್ಳೆ. ಕೆಲವು ಕಡಲೆಕಾಳಿನಷ್ಟು, ಕೆಲವು ಗಜ್ಜುಗದಷ್ಟು. ಎಳೆಯವು ಹಸಿರು, ಬಲಿತವು ಕೆಂಪು. ಸಿಡುಬು ಎದ್ದ ಮೈ ಹಾಗೆಯೇ ಇರುತ್ತದೆ ಎಂದು ಊರವರು ಹೇಳಿದರೆ ಅವರನ್ನು ದೂರುವಂತಿರಲಿಲ್ಲ.

ಅಂದು ಮಧ್ಯಾಹ್ನ ಮಕ್ಕಳ ತಂದೆತಾಯಿಗಳು ಹೆಡ್‌ಮಾಸ್ತರ ಮುಂದೆ ಗುಂಪುಗೂಡಿದರು. ನಮ್ಮ ಹೆಡ್‌ಮಾಸ್ತರು ಕನ್ನಡ ವ್ಯಾಕರಣದ ಮನುಷ್ಯ. ಬೆಳ್ಳಗಿನ ತೆಳು ಪಂಚೆ ಉಟ್ಟು, ಅದಕ್ಕೆ ಒಂದು ಹನಿ ಮಸಿಯೂ ತಾಗದ ಹಾಗೆ ಮೂವತ್ತು ವರ್ಷ ನೌಕರಿ ಮಾಡಿದವರು. ವಿಜ್ಞಾನದ ಮೇಲೆ ಅವರಿಗೆ ಬಹಳ ಗೌರವ, ದೂರದಿಂದ.

"ನೋಡಮ್ಮ, ಇದು ನಿಮ್ಮ ಇಲಾಖೆ. ಏನಿದು, ನೀವೇ ಹೇಳಿ" ಎಂದು ನನ್ನ ಕಡೆ ಕೈ ತೋರಿಸಿ ಕುರ್ಚಿಗೆ ಒರಗಿಬಿಟ್ಟರು.

ನಾನು ಗಂಟೆ ಹೊಡೆಯುವ ಸ್ಟೂಲು ಹತ್ತಿ ಒಂದು ರೆಂಬೆ ಕಿತ್ತು ತಂದೆ. ಬ್ಲೇಡಿನಿಂದ ಒಂದು ಗುಳ್ಳೆ ಕೊಯ್ದೆ. ಬೆಳ್ಳಗೆ ಹಾಲು ಸುರಿಯಿತು. "ಕೀವು! ಕೀವು!" ಎಂದು ಅರ್ಧ ಜನ ಹಿಂದೆ ಸರಿದರು. ಅತ್ತಿಯ ಯಾವ ಎಲೆ ಕಿತ್ತರೂ ಹಾಲು ಬರುತ್ತದೆಂದು ಹುಟ್ಟಿದಾಗಿನಿಂದ ನೋಡಿದವರೇ ಅವರೆಲ್ಲ. ಹಾಲು ಒರೆಸಿ, ಗುಳ್ಳೆಯನ್ನು ಎರಡು ಹೋಳು ಮಾಡಿ ಭೂತಗನ್ನಡಿ ಹಿಡಿದೆ. ಒಳಗೆ ಪುಟ್ಟ ಕೋಣೆ. ಕೋಣೆಯಲ್ಲಿ ಹೇನಿಗಿಂತ ಸಣ್ಣದೊಂದು ಹುಳ, ಮೈಗೆಲ್ಲ ಬಿಳಿ ಹಿಟ್ಟು ಬಳಿದುಕೊಂಡ ಹಾಗೆ, ಬೆಳಕಿಗೆ ಹೆದರಿ ಕಾಲಾಡಿಸುತ್ತಿತ್ತು.

"ಅಮ್ಮನೂ ಅಲ್ಲ, ಅಪ್ಪನೂ ಅಲ್ಲ. ಇದೊಂದು ಹುಳದ ಕೆಲಸ. ಯಾರಿಗೂ ಅಂಟುವುದಿಲ್ಲ" ಎಂದೆ ಜಂಬದಿಂದ.

ಎಲ್ಲರೂ ಒಬ್ಬೊಬ್ಬರಾಗಿ ಭೂತಗನ್ನಡಿಯಲ್ಲಿ ಕಣ್ಣಿಟ್ಟರು. ಕೊನೆಗೆ ಕುರಿಯಜ್ಜಿ ಬಂದು, ಬಹಳ ಹೊತ್ತು ನೋಡಿ, ಕನ್ನಡಿ ನನ್ನ ಕೈಗೆ ಕೊಟ್ಟಳು.

"ಅತ್ತಿ ಹಣ್ಣು ಬಿಚ್ಚಿದ್ರೆ ಹುಳ ಅಂತ ಗಾದೆ ಐತೆ. ಎಲೆ ಬಿಚ್ಚಿದ್ರೂ ಹುಳ ಅಂತ ಇವತ್ತು ಕಂಡೆ. ನೀ ಹೇಳಿದ್ದು ಸುಳ್ಳಲ್ಲ ಟೀಚರಮ್ಮ. ಆದ್ರೆ ನನ್ನ ಕುರಿ ಕಾಲಿಗೆ ಗಾಯ ಆದ್ರೂ ನಾಕು ದಿನಕ್ಕೆ ಹುಳ ಬೀಳ್ತಾವೆ. ಹಂಗಂತ ಗಾಯ ಮಾಡಿದ್ದು ಹುಳ ಅಂತೀಯಾ? ಮೊದ್ಲು ಹುಣ್ಣೋ, ಮೊದ್ಲು ಹುಳವೋ? ಅದನ್ನ ಹೇಳು."

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಕಪ್ಪೆ ಕೊಯ್ದಿದ್ದೆ, ಜಿರಲೆ ಕೊಯ್ದಿದ್ದೆ. ಕುರಿಯಜ್ಜಿಯ ಪ್ರಶ್ನೆಗೆ ಉತ್ತರ ಆ ಎರಡರ ಹೊಟ್ಟೆಯಲ್ಲೂ ಇರಲಿಲ್ಲ.

ಕೆಲವರು ಮರ ಕಡಿಸಿ ಅಂದರು. ಅತ್ತಿ ದೇವರ ಮರ, ಕೊಡಲಿ ಹಾಕಬಾರದು ಎಂದು ಉಳಿದವರು ತಡೆದರು. ಕಡಿಯುವ ಹಾಗಿಲ್ಲ, ಕೆಳಗೆ ಕೂರುವ ಹಾಗೂ ಇಲ್ಲ. ಕೊನೆಗೆ ಎಂಟನೆಯ ತರಗತಿಯನ್ನು ಹತ್ತನೆಯವರ ಕೋಣೆಗೇ ನುಗ್ಗಿಸಿದರು. ಒಂದು ಗೋಡೆಗೆ ನಾನು, ಎದುರು ಗೋಡೆಗೆ ಹೆಡ್‌ಮಾಸ್ತರು, ನಡುವೆ ಬೆನ್ನಿಗೆ ಬೆನ್ನು ಹಾಕಿದ ಮಕ್ಕಳು. "ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆ?" ಎಂದು ನಾನು ಕೇಳಿದರೆ "ಲೋಪಸಂಧಿ!" ಎಂದು ಉತ್ತರ ಬರುತ್ತಿತ್ತು. ಒಂದು ವಾರಕ್ಕೆ ನನ್ನ ಗಂಟಲು ಬಿತ್ತು. ಹೆಡ್‌ಮಾಸ್ತರು ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದರು.

ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗದ ತವರಿಗೆ ಹೋದೆ. ನಮ್ಮಪ್ಪನದು ಪೇಟೆಯಲ್ಲಿ ಗ್ರಂಧಿಗೆ ಅಂಗಡಿ: ಬಜೆ, ಹಿಪ್ಪಲಿ, ಅಳಲೆಕಾಯಿ, ಬೇರು ನಾರು. ನಾನು ಹೋದಾಗ ಅಪ್ಪ ಯಾರೋ ಬಾಣಂತಿಯ ಮನೆಯವರಿಗೆ ಮಾಚಿಕಾಯಿ ಆರಿಸಿ ಕೊಡುತ್ತಿದ್ದರು. ಮಗುವಿಗೆ ತೇಯ್ದು ನೆಕ್ಕಿಸುವ ಕಾಯಿ ಅದು, ಎಲ್ಲರ ಮನೆಯಲ್ಲೂ ಇರುತ್ತದೆ. ಒಂದೊಂದನ್ನೂ ತಿರುಗಿಸಿ ನೋಡಿ, ತೂತಿದ್ದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು.

"ತೂತಿದ್ದದ್ದು ಯಾಕೆ ಬೇಡ ಅಪ್ಪಾಜಿ?"

"ಒಳಗಿನ ಹುಳ ಹೊರಗೆ ಹೋಗಿರುತ್ತೆ ಕಣೇ. ಆಮೇಲೆ ಅದರಲ್ಲಿ ಸತ್ವ ಇರಲ್ಲ."

"ಕಾಯಿಯಲ್ಲಿ ಹುಳ ಯಾಕಿರುತ್ತೆ?"

ಅಪ್ಪ ನನ್ನನ್ನು ನೋಡಿದರು. ಒಂದು ತೂತಿಲ್ಲದ ಮಾಚಿಕಾಯಿಯನ್ನು ಕಲ್ಲಿನಿಂದ ಒಡೆದರು. ಬೀಜವಿರಲಿಲ್ಲ. ನಟ್ಟನಡುವೆ ಒಂದು ಸಣ್ಣ ಗುಂಡು ಕೋಣೆ, ಅದರಲ್ಲಿ ಒಣಗಿದ ಒಂದೇ ಒಂದು ಹುಳ. ಇನ್ನೊಂದು ಒಡೆದರು. ಅಲ್ಲೂ ಹಾಗೆಯೇ.

"ನಲವತ್ತು ವರ್ಷದಿಂದ ಕಾಯಿ ಅಂತಲೇ ಮಾರ್ತಾ ಇದೀನಿ. ಇದರ ಬೀಜ ಮಾತ್ರ ಯಾವತ್ತೂ ಕಂಡಿಲ್ಲ ನೋಡು" ಎಂದರು ಅಪ್ಪ, ತಮಗೇ ಆಶ್ಚರ್ಯವಾದವರ ಹಾಗೆ.

ಅಲ್ಲೇ ನಿಂತು ಯೋಚಿಸಿದೆ. ಗಾಯಕ್ಕೆ ಬೀಳುವ ಹುಳ ಗುಂಪುಗುಂಪಾಗಿ ಬೀಳುತ್ತದೆ. ಇಲ್ಲಿ ಅಳತೆ ತೆಗೆದ ಹಾಗೆ ನಡುವೆ ಕೋಣೆ, ಕೋಣೆಗೊಂದು ಹುಳ. ಇದು ಕಾಯಿಯಲ್ಲ, ಅತ್ತಿಯ ಗುಳ್ಳೆಯ ಹಾಗೆ ಹುಳಕ್ಕಾಗಿಯೇ ಆದ ಮನೆ ಎಂದು ನನಗನ್ನಿಸಿತು. ಆದರೆ ನನಗನ್ನಿಸಿದರೆ ಕುರಿಯಜ್ಜಿಗೆ ಸಾಲದು. ಅಪ್ಪನಿಗೆ ಎಲ್ಲ ಹೇಳಿದೆ.

"ಇದೇನು ದೊಡ್ಡ ವಿಷಯ?" ಎಂದು ಅವರು ಏಲಕ್ಕಿ ಡಬ್ಬ ತೋರಿಸಿದರು. ಅದರ ಬಾಯಿಗೆ ತೆಳುಬಟ್ಟೆ ಬಿಗಿದಿದ್ದರು. "ಹುಳ ಬರಬಾರದು ಅಂತ ನಾನು ಬಟ್ಟೆ ಕಟ್ಟಲ್ವಾ? ಚಿಗುರಿಗೂ ಕಟ್ಟು. ಹುಳ ಮುಟ್ಟದೆಯೂ ಗುಳ್ಳೆ ಬಂದರೆ ಆ ಅಜ್ಜಿ ಗೆದ್ದಳು. ಬರದಿದ್ದರೆ ನೀನು ಗೆದ್ದೆ."

ಮಾರನೆಯ ದಿನ ಹೆಡ್‌ಮಾಸ್ತರಿಗೆ ಇದನ್ನು ವಿವರಿಸಿದೆ. ಹುಳ ನುಸುಳದಷ್ಟು ನವಿರಾದ, ಬೆಳಕು ಗಾಳಿ ತಡೆಯದ ಬಟ್ಟೆ ಬೇಕು ಎಂದೆ. ನನ್ನ ಕಣ್ಣು ಅವರ ಪಂಚೆಯ ಮೇಲೆ ಹೋದದ್ದು ಅವರಿಗೆ ತಿಳಿಯಿತು. ಎರಡು ದಿನ ನನ್ನನ್ನು ಕಂಡರೆ ಬೇರೆ ದಾರಿ ಹಿಡಿದರು. ಮೂರನೆಯ ದಿನ, ತರಗತಿಯಲ್ಲಿ ಒಬ್ಬ ಹುಡುಗಿ "ಲೋಪಸಂಧಿಗೆ ಉದಾಹರಣೆ ಕಪ್ಪೆ" ಎಂದು ಹೇಳಿದ ಮೇಲೆ, ಮಡಿಸಿದ ಹಳೆಯ ಪಂಚೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಯುಗಾದಿವರೆಗೆ ಸಮಯ ಕೊಡ್ತೀನಮ್ಮ" ಎಂದರು.

ಪಂಚೆ ಹರಿದು ಐದು ಚೀಲ ಹೊಲಿದೆ. ಮರ ಆಗ ಹಳೆಯ ಎಲೆ ಉದುರಿಸಿ ಹೊಸ ಚಿಗುರಿಗೆ ಅಣಿಯಾಗುತ್ತಿತ್ತು. ಇನ್ನೂ ಬಿರಿಯದ ಐದು ಮೊಗ್ಗುಗಳನ್ನು ಆರಿಸಿ, ಭೂತಗನ್ನಡಿ ಹಿಡಿದು ಪರೀಕ್ಷಿಸಿ, ಒಂದೊಂದು ರೆಂಬೆಯ ತುದಿಗೂ ಒಂದೊಂದು ಚೀಲ ತೊಡಿಸಿದೆ. ಬಾಯಿಯನ್ನು ಶಾಲೆಯ ಕಡತ ಕಟ್ಟುವ ಕೆಂಪು ದಾರದಿಂದ ಬಿಗಿಯಾಗಿ ಕಟ್ಟಿದೆ. ಕೆಳಗಿಳಿದು ನೋಡಿದರೆ ಬಿಳಿ ಚೀಲಗಳು ಗಾಳಿಗೆ ತೂಗಾಡುತ್ತಿದ್ದವು. ನನಗೆ ಬಹಳ ಖುಷಿಯಾಯಿತು. ಅವು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತವೆ ಎಂಬುದು ಹೊಳೆಯಲೇ ಇಲ್ಲ.

ಎರಡು ದಿನದ ಮೇಲೆ ಮೂವರು ಹೆಂಗಸರು ನನ್ನನ್ನು ತಡೆದು ಹಣೆಗೆ ಕುಂಕುಮ ಹಚ್ಚಿದರು. ಕುರಿಯಜ್ಜಿ ನನ್ನ ಕೈ ಹಿಡಿದು, ಎಂದೂ ಇಲ್ಲದ ಮೃದು ದನಿಯಲ್ಲಿ ಕೇಳಿದಳು:

"ಮದುವೆ ಆಗಿ ಎಷ್ಟು ವರ್ಷ ಆತವ್ವ?"

"ಮೂರು ವರ್ಷ ಅಜ್ಜಿ. ಯಾಕೆ?"

"ಏನಿಲ್ಲ ಬಿಡು. ಅಮ್ಮ ಬಂದ ಮರ, ಶಕ್ತಿ ಜಾಸ್ತಿ. ತೊಟ್ಟಿಲು ಕಟ್ಟಿದ್ದು ಒಳ್ಳೇದಾತು."

ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಮರಕ್ಕೆ ಬಟ್ಟೆಯ ತೊಟ್ಟಿಲು ಕಟ್ಟುವುದು ನಮ್ಮ ಕಡೆಯ ಪದ್ಧತಿ. ನನ್ನದು ಐದು ತೊಟ್ಟಿಲು. ಪಾಪ, ಟೀಚರಮ್ಮನಿಗೆ ಎಷ್ಟು ಅವಸರವೋ ಎಂದು ಊರೆಲ್ಲ ಮರುಗಿತ್ತು.

ಸುದ್ದಿ ಬಸ್ಸು ಹತ್ತಿತು. ನನ್ನ ಗಂಡನಿಗೆ ಮಾರಿಕಣಿವೆಯ ಅಣೆಕಟ್ಟೆಯಲ್ಲಿ ನಕ್ಷೆ ಬರೆಯುವ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಆ ಶನಿವಾರ ಬಸ್ಸಿಳಿದ ಕೂಡಲೇ ಹೋಟೆಲಿನವರು ಅವರನ್ನು ಕರೆದು ಕೂರಿಸಿ, ಬೇಡವೆಂದರೂ ಬಿಡದೆ ಬಿಸಿ ಹಾಲು ಕುಡಿಸಿ, "ಧೈರ್ಯವಾಗಿರ್ರಿ, ಎಲ್ಲಾ ಒಳ್ಳೇದಾಗ್ತೈತೆ" ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಮನೆಗೆ ಬಂದವರೇ, "ಏನಾಗಿದೆಯೇ ನನಗೆ?" ಎಂದು ಗಾಬರಿಯಿಂದ ಕೇಳಿದರು.

ವಿಷಯ ಹೇಳಿದೆ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆ ನಗು ನಿಲ್ಲುವ ಮೊದಲೇ ಬಾಗಿಲಲ್ಲಿ ಸದ್ದಾಯಿತು. ಹೊಳಲ್ಕೆರೆಯಿಂದ ನಮ್ಮತ್ತೆ ಬಂದಿದ್ದರು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ತೆಂಗಿನಕಾಯಿಯ ಚೀಲ.

ನಮ್ಮತ್ತೆ ಮಾತು ಕಡಿಮೆಯ ಹೆಂಗಸು. ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ತಮ್ಮ ಪಾಡಿಗೆ ತಾವು ಕೆಲಸ ಮಾಡುವವರು. ಸೊಸೆ ನೌಕರಿಗೆ ಹೋಗುವುದಕ್ಕೂ ಚಕಾರ ಎತ್ತಿರಲಿಲ್ಲ. ಅವರು ಅವತ್ತು ನನ್ನ ಗಲ್ಲ ಹಿಡಿದು, "ಮೂರು ವರ್ಷ ನಾನು ಒಂದು ಮಾತು ಕೇಳಲಿಲ್ಲ ನೋಡವ್ವ. ಕೇಳಿದ್ರೆ ನಿನಗೆ ನೋವಾಗ್ತೈತೆ ಅಂತ. ಓದಿದೋಳು, ದೇವರು ಗೀವರು ನಂಬಲ್ಲ ಅಂದ್ಕೊಂಡಿದ್ದೆ. ನಿನ್ನ ಮನಸ್ಸಲ್ಲೂ ಇತ್ತಲ್ಲ!" ಎಂದರು. ಕಣ್ಣು ತುಂಬಿತ್ತು.

ನಾನು ಗಂಡನ ಮುಖ ನೋಡಿದೆ. ಅವರು ಸೀಲಿಂಗಿನ ಅಳತೆ ತೆಗೆಯುವವರ ಹಾಗೆ ಮೇಲೆ ನೋಡುತ್ತಿದ್ದರು. ಅತ್ತೆಯ ಈ ಮುಖಕ್ಕೆ "ಅದು ಹುಳದ ಪರೀಕ್ಷೆ ಅತ್ತೆ" ಎಂದು ಹೇಗೆ ಹೇಳಲಿ? ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು, ನಾಡಿದ್ದೂ ಬಂತು. ಗಂಡ ಸೋಮವಾರ ನಿಶ್ಚಿಂತೆಯಿಂದ ಮಾರಿಕಣಿವೆಗೆ ಹೊರಟುಹೋದರು. ಅತ್ತೆ ಯುಗಾದಿ ಮುಗಿಸಿಕೊಂಡೇ ಹೋಗುವುದಾಗಿ ಉಳಿದರು.

ದಿನಾ ಬೆಳಿಗ್ಗೆ ಸ್ನಾನ ಮಾಡಿ ಮರಕ್ಕೆ ಒಂದು ಚೊಂಬು ನೀರು ಹಾಕಿ ಬರುವುದು ಅವರ ಕೆಲಸವಾಯಿತು. ಅತ್ತಿಗೂ ಅತ್ತೆಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ ಎಂದು ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ ವ್ಯಾಕರಣದ ತಮಾಷೆ ಮಾಡಿ ತಾವೇ ನಕ್ಕರು. ಅತ್ತೆಯನ್ನು ನೋಡಿ ಊರಿನ ಬೇರೆ ಹೆಂಗಸರಿಗೂ ಧೈರ್ಯ ಬಂತು. ಮರದ ಹತ್ತಿರ ಸುಳಿಯಲು ಹೆದರುತ್ತಿದ್ದವರೇ ಈಗ ತುಂಡು ಬಟ್ಟೆ ತಂದು ತೊಟ್ಟಿಲು ಕಟ್ಟತೊಡಗಿದರು. ಶಿವರಾತ್ರಿ ಹೊತ್ತಿಗೆ ಕೆಳಗಿನ ಕೊಂಬೆಗಳಲ್ಲಿ ಕೆಂಪು, ಹಸಿರು, ಹೂವಿನ ಚಿತ್ರದ್ದು, ಎಲ್ಲ ಬಗೆಯ ಬಟ್ಟೆ ತೂಗುತ್ತಿತ್ತು. ನನ್ನ ಐದು ಚೀಲ ಎಲ್ಲಿವೆ ಎಂದು ನಾನೇ ಹುಡುಕಬೇಕಾಯಿತು. ಮಕ್ಕಳನ್ನು ಕಳಿಸುತ್ತೀರಾ ಎಂದರೆ ಮಾತ್ರ, "ಅಮ್ಮ ಇಳೀಲಿ ತಡೀರಿ" ಎನ್ನುತ್ತಿದ್ದರು.

ಚೀಲಗಳ ಹೊರಗೆ ಚಿಗುರು ಒಡೆಯಿತು. ಎಳೆ ಎಲೆಗಳ ಮೇಲೆ ಸಾಸಿವೆಯಷ್ಟು ಪುಟ್ಟ ಉಬ್ಬು ಎದ್ದವು. ವಾರ ಕಳೆದಂತೆ ಕಡಲೆಯಷ್ಟಾದವು. ಒಳಗೆ ಏನಾಗುತ್ತಿದೆ ಎಂದು ನೋಡಲು ಜೀವ ತಹತಹಿಸಿದರೂ ನಾನು ಚೀಲ ಮುಟ್ಟಲಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ, ಮಾರನೆಯ ಬೆಳಿಗ್ಗೆ ಎಲ್ಲರೆದುರು ಚೀಲ ಬಿಚ್ಚುವುದೆಂದು ಹೆಡ್‌ಮಾಸ್ತರು ಸಾರಿದರು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅಂದು ಸಂಜೆ ಅತ್ತೆಯ ಜೊತೆ ಕಡಲೆಕಾಯಿ ಸುಲಿಯುತ್ತ ಕೂತು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಹುಣ್ಣು ಮೊದಲೋ ಹುಳ ಮೊದಲೋ ಎಂಬ ಪ್ರಶ್ನೆ, ಏಲಕ್ಕಿ ಡಬ್ಬ, ಹೆಡ್‌ಮಾಸ್ತರ ಪಂಚೆ. ಹರಕೆ ಅಲ್ಲವೇ ಅಲ್ಲ ಅತ್ತೆ, ನೀವು ಅಷ್ಟು ಸಂತೋಷಪಟ್ಟಿರಿ, ನನಗೆ ಹೇಳುವ ಧೈರ್ಯ ಬರಲಿಲ್ಲ, ತಪ್ಪಾಯಿತು ಎಂದೆ.

ಅವರ ಕೈ ನಿಂತಿತು.

"ಹಂಗಾ" ಎಂದರು. ಅಷ್ಟೇ. ಮತ್ತೆ ಸುಲಿಯತೊಡಗಿದರು. ರಾತ್ರಿ ನನಗೆ ಬಡಿಸಿಟ್ಟು ತಾವು ಉಣ್ಣದೆ ಮಲಗಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೆಳಿಗ್ಗೆ ಅವರು ಬರುವುದಿಲ್ಲ ಎಂದುಕೊಂಡೇ ಶಾಲೆಗೆ ಹೋದೆ. ಗುಂಪು ಸೇರಿದ ಮೇಲೆ ನೋಡಿದರೆ, ಸೆರಗು ಹೊದ್ದು ಕುರಿಯಜ್ಜಿಯ ಪಕ್ಕದಲ್ಲಿ ನಿಂತಿದ್ದಾರೆ. ನನ್ನ ಕಡೆ ನೋಡಲಿಲ್ಲ.

ನನ್ನ ಚೀಲಗಳು ತೊಟ್ಟಿಲಲ್ಲ, ಬಟ್ಟೆ ದಾಟಿ ಹುಳ ಒಳಗೆ ಹೋಗಲಾರದು, ಆದರೂ ಗುಳ್ಳೆ ಬಂದಿದ್ದರೆ ಹುಣ್ಣೇ ಮೊದಲು ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಸ್ಟೂಲು ಹತ್ತಿ ಚೀಲವಿಲ್ಲದ ಒಂದು ರೆಂಬೆ ಕಿತ್ತು ಮೊದಲು ಎಲ್ಲರಿಗೂ ತೋರಿಸಿದೆ. ಎಲೆಯ ತುಂಬ ಗುಳ್ಳೆ. ಮೊದಲನೆಯ ಚೀಲ ಬಿಚ್ಚಿದೆ. ಏಳು ಎಲೆ, ತೊಳೆದಿಟ್ಟ ಹಾಗೆ ನುಣುಪು. ಒಂದು ಗುಳ್ಳೆಯೂ ಇಲ್ಲ. ಜನ "ಹೋ" ಎಂದರು. ಎರಡನೆಯದು: ಅದೂ ನುಣುಪು. ನನಗೆ ರೆಕ್ಕೆ ಬಂದಂತಾಯಿತು. ಮೂರನೆಯದನ್ನು ಬಿಚ್ಚಿದೆ.

ಎಲೆಗಳ ತುಂಬ ಗುಳ್ಳೆ.

ಕೆಳಗೆ ಗುಜುಗುಜು ಶುರುವಾಯಿತು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು, ತಮ್ಮ ಪಂಚೆ ಸುಮ್ಮನೆ ಹೋಯಿತಲ್ಲ ಎಂಬ ಹಾಗೆ.

"ಬಟ್ಟೆ ಒಳಗೆ ಹುಳ ಹೋಗಲ್ಲ ಅಂದಿದ್ದೆ. ಮತ್ತೆ ಇದೆಂಗವ್ವ?" ಎಂದಳು ಕುರಿಯಜ್ಜಿ. ಆಕೆಯ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಪಾಪ ಅನ್ನಿಸಿದ ಹಾಗಿತ್ತು. ಅದರಿಂದ ನನಗೆ ಇನ್ನಷ್ಟು ಸಂಕಟವಾಯಿತು.

"ನಿಲ್ರಿ" ಎಂದು ಒಂದು ದನಿ ಬಂತು.

ಅತ್ತೆ ಮುಂದೆ ಬಂದರು. ಮುಖ ಕೆಂಪಾಗಿತ್ತು. "ಆ ಚೀಲ ನಾನು ಬಿಚ್ಚಿದ್ದೆ. ಅದನ್ನ ಕೊಡವಿ ನೋಡ್ರಿ."

ಕೊಡವಿದೆ. ಅರಿಶಿನ ಹಚ್ಚಿದ ಅಕ್ಕಿಕಾಳು ಉದುರಿ ನೆಲದ ಮೇಲೆ ಚೆಲ್ಲಿತು. ಅಕ್ಷತೆ. ಆಗ ದಾರವನ್ನು ನೋಡಿದೆ. ನಾನು ಹಾಕಿದ್ದ ಬಿಗಿ ಗಂಟಲ್ಲ ಅದು. ಜಡೆಗೆ ಟೇಪು ಕಟ್ಟಿದ ಹಾಗೆ ಸಡಿಲವಾದ ಹೂಗಂಟು.

"ಖಾಲಿ ತೊಟ್ಟಿಲು ತೂಗಬಾರದು ಅಂತಾರೆ" ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ಅದಕ್ಕೇ ಒಂದರಲ್ಲಿ ಅಕ್ಷತೆ ಹಾಕಿದೆ. ಇದು ಪರೀಕ್ಷೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಸೊಸೆ ತಪ್ಪಲ್ಲ, ನಂದು."

ಕುರಿಯಜ್ಜಿ ಬಿಡಲಿಲ್ಲ. ನಿಂತಲ್ಲೇ ವಕೀಲರ ಹಾಗೆ ವಿಚಾರಣೆ ಶುರುಮಾಡಿದಳು.

"ಯಾವಾಗ ಬಿಚ್ಚಿದೆ?"

"ಚಿಗುರು ಆಗತಾನೇ ಕೆಂಪಗೆ ಕಣ್ಣು ಬಿಟ್ಟಿತ್ತು."

"ಎಷ್ಟೊತ್ತು ತೆರೆದಿಟ್ಟಿದ್ದೆ?"

"ಒಂದು ತೊಟ್ಟಿಲ ಹಾಡು ಹೇಳೋ ಅಷ್ಟೊತ್ತು."

"ಪೂರ್ತಿ ಹಾಡಾ, ಅರ್ಧನಾ?"

"ಪೂರ್ತಿ" ಎಂದರು ಅತ್ತೆ ನಾಚಿಕೊಂಡು. "ಆಮೇಲೆ ಕಟ್ಟಾಕೆ ಸರಿಯಾಗಿ ಬರಲಿಲ್ಲ. ರೆಂಬೆ ಬಗ್ಗಿಸಿ ಹಿಡಿದು ಕೈ ಸೋತಿತ್ತು."

ಕುರಿಯಜ್ಜಿ ಕೋಲಿನಿಂದ ನೆಲಕ್ಕೆ ಒಂದು ಗೆರೆ ಎಳೆದು ಯೋಚಿಸಿದಳು. "ಉಳಿದ ಎರಡು ಬಿಚ್ಚು" ಎಂದಳು ನನಗೆ.

ನಾಲ್ಕನೆಯದು ನುಣುಪು. ಐದನೆಯದೂ ನುಣುಪು. ಅವೆರಡರ ಗಂಟೂ ನಾನು ಹಾಕಿದ ಹಾಗೆಯೇ ಇತ್ತು.

"ಅಲ್ಲಿಗೆ ಆತು" ಎಂದು ಕುರಿಯಜ್ಜಿ ಜನರ ಕಡೆ ತಿರುಗಿದಳು. "ಮುಚ್ಚಿದ್ದರಲ್ಲಿ ಇಲ್ಲ, ತೆರೆದದ್ದರಲ್ಲಿ ಐತೆ. ಹುಳ ಮೊದ್ಲು, ಹುಣ್ಣು ಆಮೇಲೆ. ಅಮ್ಮ ಗಿಮ್ಮ ಏನೂ ಇಲ್ಲ. ನಾಳೆಯಿಂದ ಹುಡುಗ್ರನ್ನ ಕಳಿಸ್ರಿ."

ನಿಜ ಹೇಳಬೇಕೆಂದರೆ, ಐದೂ ಚೀಲ ನುಣುಪಾಗಿದ್ದರೆ ಬಟ್ಟೆಯ ನೆರಳಿಗೋ, ಬೆವರಿಗೋ ಗುಳ್ಳೆ ಬರಲಿಲ್ಲ ಎಂದು ಯಾರಾದರೂ ಅನ್ನಬಹುದಿತ್ತು. ಅದೇ ಬಟ್ಟೆ, ಅದೇ ಮರ, ಬಿಚ್ಚಿದ ಒಂದರಲ್ಲಿ ಮಾತ್ರ ಗುಳ್ಳೆ. ನನ್ನ ಪರೀಕ್ಷೆಯಲ್ಲಿ ಇದ್ದ ಕೊರತೆಯನ್ನು ತುಂಬಿದ್ದು ಅತ್ತೆಯ ತೊಟ್ಟಿಲ ಹಾಡು. ಮನೆಗೆ ಬಂದು ಅವರಿಗೆ ಇದನ್ನು ಹೇಳಿದೆ. ಮೊದಲು ನಂಬಲಿಲ್ಲ. ಎರಡು ಸಲ ಬಿಡಿಸಿ ಹೇಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವರು ಒಲೆಯ ಮೇಲಿನ ಹಾಲು ಉಕ್ಕುವವರೆಗೂ ನಕ್ಕರು.

"ಆ ಹುಳ ತೋರಿಸವ್ವ ನನಗೆ" ಎಂದರು ಆಮೇಲೆ.

ಗುಳ್ಳೆ ಕೊಯ್ದು ತೋರಿಸಿದೆ. ಭೂತಗನ್ನಡಿಯಲ್ಲಿ ಒಂದು ಕಣ್ಣು ಮುಚ್ಚಿ ನೋಡುತ್ತ, "ಇಷ್ಟು ಸಣ್ಣದು, ಇಷ್ಟು ದೊಡ್ಡ ಮನೆ ಹೆಂಗೆ ಕಟ್ತು?" ಎಂದರು.

ಅದು ನನಗೂ ಆಗ ಗೊತ್ತಿರಲಿಲ್ಲ. ರಜೆಯಲ್ಲಿ ಚಿತ್ರದುರ್ಗದ ಲೈಬ್ರರಿಯಲ್ಲಿ ಕೂತು ಓದಿ ತಿಳಿದುಕೊಂಡೆ. ಹುಳ ಏನನ್ನೂ ಕಟ್ಟುವುದಿಲ್ಲ. ತಾಯಿ ಎಳೆ ಎಲೆಯ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಕೂತಲ್ಲೇ ಎಲೆಗೆ ಮೂತಿ ಚುಚ್ಚಿ ರಸ ಹೀರುತ್ತದೆ. ಅದರ ಎಂಜಲಿನಲ್ಲಿ ಏನೋ ಇದೆ. ಅದು ತಾಗಿದ ಕೂಡಲೇ ಎಲೆ ತನ್ನ ಎಂದಿನ ಬೆಳವಣಿಗೆ ಬಿಟ್ಟು ಮರಿಯ ಸುತ್ತ ಉಬ್ಬುತ್ತದೆ, ಗೋಡೆಯಾಗುತ್ತದೆ, ಮೇಲೆ ಮುಚ್ಚಿಕೊಳ್ಳುತ್ತದೆ. ಮನೆಯೂ ಮರದ್ದೇ, ಊಟವೂ ಮರದ್ದೇ. ಬಲಿತ ಮೇಲೆ ಗುಳ್ಳೆ ಬಿರಿಯುತ್ತದೆ, ಹುಳ ಹಾರಿಹೋಗುತ್ತದೆ. ಮರ ಅದರಿಂದ ಸಾಯುವುದೂ ಇಲ್ಲ. ಇದನ್ನು ಕುರಿಯಜ್ಜಿಗೆ ಹೇಳಿದಾಗ ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಮನೆ ಅಳಿಯ ಅನ್ನು ಮತ್ತೆ" ಎಂದಳು. "ಕುಂತಲ್ಲೇ ಎಲ್ಲಾ ಆಗ್ತೈತೆ."

ಎಂಟನೆಯ ತರಗತಿ ಮರದ ಕೆಳಗೆ ಮರಳಿತು. ಬೇರೆಯವರು ಕಟ್ಟಿದ್ದ ತೊಟ್ಟಿಲುಗಳನ್ನು ಬಿಚ್ಚುವ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮ ಇಲ್ಲವೆಂದಾದರೂ ಮರಕ್ಕೆ ಶಕ್ತಿ ಇಲ್ಲವೆಂದು ಆಯಿತೇ ಎಂಬುದು ಊರಿನ ವಾದ. ಎರಡು ವರ್ಷದ ಮೇಲೆ ನಮಗೆ ಮಗಳು ಹುಟ್ಟಿದಾಗ ಆ ವಾದಕ್ಕೆ ನನ್ನಿಂದಲೇ ಬಲ ಬಂತು. ನಿವೃತ್ತರಾಗಿದ್ದ ಹೆಡ್‌ಮಾಸ್ತರು ಮಗುವನ್ನು ನೋಡಲು ಬಂದು, "ನನ್ನ ಪಂಚೆಯದೂ ಸ್ವಲ್ಪ ಪಾಲಿದೆಯಮ್ಮ" ಎಂದು ಗಂಭೀರವಾಗಿ ಹೇಳಿ ಹೋದರು.

ಅತ್ತೆಗೆ ಮಾತ್ರ ಎಲೆ ನೋಡುವ ಹುಚ್ಚು ಹಿಡಿಯಿತು. ಹೊಳಲ್ಕೆರೆಯಲ್ಲಿ ದಾರಿಬದಿಯ ಮರಗಳ ಎಲೆಗಳನ್ನೆಲ್ಲ ತಿರುಗಿಸಿ ನೋಡುತ್ತ ಹೋಗುತ್ತಿದ್ದರಂತೆ. ಒಂದು ದಿನ ನನಗೆ ಅವರಿಂದ ಒಂದು ಲಕೋಟೆ ಬಂತು. ಒಳಗೆ ಪತ್ರಿಕೆಯ ತುಂಡಿನಲ್ಲಿ ಸುತ್ತಿದ ಹೊಂಗೆ ಎಲೆ. ಅದರ ಮೈತುಂಬ ಬೆಂಕಿಪೊಟ್ಟಣದ ಕಡ್ಡಿ ತಲೆಯಷ್ಟು ಪುಟ್ಟ ಗುಳ್ಳೆಗಳು. ಜೊತೆಗೆ, ಪಕ್ಕದ ಮನೆಯ ಹುಡುಗಿಯ ಕೈಲಿ ಬರೆಸಿದ ಒಂದು ಸಾಲು: "ಇದರೊಳಗೆ ಯಾರಿದ್ದಾರೆ?"

ಕೊಯ್ದೆ. ಭೂತಗನ್ನಡಿಯಲ್ಲಿ ನೋಡಿದೆ. ಖಾಲಿ. ಇನ್ನೊಂದು ಕೊಯ್ದೆ, ಅದೂ ಖಾಲಿ. "ಇದರಲ್ಲಿ ಯಾರೂ ಇಲ್ಲ ಅತ್ತೆ. ಎಲೆಗೆ ಏನೋ ರೋಗವಿರಬೇಕು" ಎಂದು ಬರೆದು ಹಾಕಿದೆ.

ವಾರದೊಳಗೆ ಮತ್ತೊಂದು ಲಕೋಟೆ ಬಂತು, ಇನ್ನೂ ನಾಲ್ಕು ಎಲೆ ಇಟ್ಟು. "ಯಾರೂ ಇಲ್ಲದೆ ಮನೆ ಯಾಕೆ ಕಟ್ತದೆ? ಸರಿಯಾಗಿ ನೋಡು."

ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋಗಿ, ನಾನು ಓದಿದ ಕಾಲೇಜಿನ ಮೈಕ್ರೋಸ್ಕೋಪು ಕೇಳಿ ಕೂತೆ. ಗುಳ್ಳೆಯೊಳಗೆ ಕೂದಲಿನ ಕಾಡು. ಆ ಕಾಡಿನ ನಡುವೆ, ಬರಿಗಣ್ಣಿಗೂ ಭೂತಗನ್ನಡಿಗೂ ಸಿಗದಷ್ಟು ಸಣ್ಣ, ಕ್ಯಾರೆಟ್ಟಿನ ಆಕಾರದ, ನಾಲ್ಕೇ ಕಾಲಿನ ನುಸಿಗಳು ನಿಧಾನವಾಗಿ ತೆವಳುತ್ತಿದ್ದವು. ಒಂದಲ್ಲ, ಎಣಿಸಲಾಗದಷ್ಟು.

ಕಾಲೇಜಿನಿಂದ ಹೊರಗೆ ಬಂದವಳೇ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡೆ. "ಇದ್ದಾರೆ ಅತ್ತೆ, ತುಂಬು ಸಂಸಾರ. ನಾನು ನೋಡಿದ್ದು ಸಾಲದಾಗಿತ್ತು" ಎಂದು ಅಲ್ಲೇ ಕಿಟಕಿಯ ಹತ್ತಿರ ನಿಂತು ಬರೆದು ಡಬ್ಬಕ್ಕೆ ಹಾಕಿದೆ.